ನಲವತ್ತು ಸಲ ದುಪ್ಪಟ್ಟು

ಬೆರಳಿನ ತುದಿಗೆ ಸೂಜಿ ತಾಗಿದರೆ ಮೂಡುವ ರಕ್ತದಲ್ಲಿ ಒಂದೇ ಒಂದು ಘನ ಮಿಲಿಮೀಟರ್ ತೆಗೆದುಕೊಳ್ಳಿ. ಗುಂಡುಸೂಜಿಯ ತಲೆಯಷ್ಟು. ಅದರೊಳಗೆ ಸುಮಾರು 50 ಲಕ್ಷ ಕೆಂಪು ಕಣಗಳಿರುತ್ತವೆ. 2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18.9 ಲಕ್ಷ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜೊತೆಗೆ ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೆಲ್ಲ ಕೂಡಿಸಿದರೂ ಅಷ್ಟೇ. ಅಂಥ ಎರಡೂವರೆ ಜಿಲ್ಲೆಗಳ ಜನ ಹಿಡಿಸುವಷ್ಟು ಕಣಗಳು ಆ ಚುಕ್ಕೆಯಲ್ಲಿ. ಅವುಗಳ ನಡುವೆ ಬಿಳಿ ಕಣಗಳು ನಾಲ್ಕರಿಂದ ಹನ್ನೊಂದು ಸಾವಿರ. ಬಿಳಿ ಕಣಗಳಲ್ಲೂ ಈ ಲೇಖನಕ್ಕೆ ಬೇಕಾದ ಟಿ ಕೋಶಗಳು ಬರೀ ಒಂದೆರಡು ಸಾವಿರ. ಎರಡೂವರೆ ಜಿಲ್ಲೆಗೆ ಒಂದು ಸಣ್ಣ ಹಳ್ಳಿ ಎಂದ ಹಾಗಾಯಿತು.

ಆದರೆ ರೋಗದೊಂದಿಗೆ ಹೋರಾಡುವ ಕೋಶಗಳು ರಕ್ತದಲ್ಲಿ ಕಡಿಮೆ, ಮಿಕ್ಕ ಕಡೆ ಹೆಚ್ಚು. ಎಲುಬಿನ ಮಜ್ಜೆ, ಗುಲ್ಮ, ಕಂಕುಳು-ತೊಡೆಸಂದಿನ ಗ್ರಂಥಿಗಳು, ಕರುಳು, ಚರ್ಮ, ಎಲ್ಲೆಲ್ಲೂ ಅವು ಬಿಡಾರ ಹೂಡಿರುತ್ತವೆ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳ ತಂಡ 2023ರಲ್ಲಿ ಇವನ್ನೆಲ್ಲ ಒಟ್ಟು ಹಾಕಿ ಲೆಕ್ಕ ಕೊಟ್ಟಿತು: 73 ಕಿಲೋ ತೂಕದ ಗಂಡಸಿನ ಮೈಯಲ್ಲಿ ರೋಗನಿರೋಧಕ ಕೋಶಗಳು ಸುಮಾರು 1.8 ಲಕ್ಷ ಕೋಟಿ, ಒಟ್ಟು ತೂಕ 1.2 ಕಿಲೋ. ಲಕ್ಷ ಕೋಟಿ ಎಂಬುದು ಸರಕಾರದ ಬಜೆಟ್ಟಿನಲ್ಲಿ ಕೇಳಿ ಕೇಳಿ ಸವೆದುಹೋದ ಮಾತು, ಕಿವಿಗೆ ಬೀಳುತ್ತದೆ, ತಲೆಗೆ ಇಳಿಯುವುದಿಲ್ಲ. ಬೀಳಗಿಯ ಕಡೆಯವರಿಗೆ ಬೇರೆ ರೀತಿಯಲ್ಲಿ ಹೇಳಬಹುದು. ಆಲಮಟ್ಟಿ ಅಣೆಕಟ್ಟು 519.6 ಮೀಟರಿನವರೆಗೆ ತುಂಬಿದಾಗ ಅದರಲ್ಲಿ 123 ಟಿಎಂಸಿ ನೀರು. ಲೀಟರಿಗೆ ತಿರುಗಿಸಿದರೆ 3.48 ಲಕ್ಷ ಕೋಟಿ. ಹಿನ್ನೀರಿಗೆ ಊರು, ಹೊಲ, ಗುಡಿಗಳನ್ನು ಬಿಟ್ಟುಕೊಟ್ಟವರಿಗೆ ಆ ನೀರಿನ ಹರವು ಎಷ್ಟೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದೊಂದು ಲೀಟರನ್ನು ಒಂದೊಂದು ಕೋಶವೆಂದು ಎಣಿಸಿದರೆ, ಅರ್ಧ ಆಲಮಟ್ಟಿಗಿಂತ ತುಸು ಹೆಚ್ಚು ನಿಮ್ಮ ಅಂಗಿಯೊಳಗಿದೆ.

ಇಷ್ಟು ದೊಡ್ಡ ದಂಡು ಇದ್ದೂ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ?

ಒಂದೇ ಕೋಶದಿಂದ ಬೆಳೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ. ಹತ್ತು ಸಲ ದುಪ್ಪಟ್ಟಾದರೆ 1,024. ಇಪ್ಪತ್ತು ಸಲಕ್ಕೆ ಹತ್ತು ಲಕ್ಷ ದಾಟುತ್ತದೆ, ಆದರೂ ಅದು ಒಂದು ಮಿಲಿಗ್ರಾಂ ಆಸುಪಾಸಿನ ಚುಕ್ಕೆ. ಯಾವ ಸ್ಕ್ಯಾನಿಗೂ ಸಿಗುವುದು ಕಷ್ಟ. ಮೂವತ್ತನೆಯ ಸಲಕ್ಕೆ 107 ಕೋಟಿ: ಒಂದು ಸೆಂಟಿಮೀಟರಿನ ಗಂಟು, ವೈದ್ಯರ ಬೆರಳಿಗೆ ಹತ್ತುವ ಹಂತ. ನಲವತ್ತನೆಯದಕ್ಕೆ ಲಕ್ಷ ಕೋಟಿ, ಅಂದರೆ ಹೆಚ್ಚೂಕಡಿಮೆ ಒಂದು ಕಿಲೋ. ಅಲ್ಲಿಂದ ಮುಂದೆ ಹೆಚ್ಚು ಸಲ ದುಪ್ಪಟ್ಟಾಗಲು ಮೈಯಲ್ಲಿ ಜಾಗವಿರುವುದಿಲ್ಲ. ‘ಮೊನ್ನೆ ಮೊನ್ನೆ ಗಂಟು ಕಾಣಿಸಿತು, ದವಾಖಾನಿಗೆ ಬಂದೆವು’ ಎನ್ನುವವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಗಂಟು ಕಾಣಿಸಿಕೊಳ್ಳುವ ಹೊತ್ತಿಗೆ ಮುಕ್ಕಾಲು ದಾರಿ ಮುಗಿದಿರುತ್ತದೆ. ಲೆಕ್ಕ ನೋಡಿದರೆ, ಕ್ಯಾನ್ಸರಿನ ಬದುಕಿನ ಹೆಚ್ಚಿನ ಪಾಲು ಯಾರಿಗೂ ಕಾಣದೆಯೇ ಕಳೆಯುತ್ತದೆ.

ಟಿ ಕೋಶಗಳ ಕಷ್ಟವೂ ಲೆಕ್ಕದ್ದೇ. ಪ್ರತಿಯೊಂದು ಟಿ ಕೋಶದ ಮೈಮೇಲೆ ಗುರುತು ಹಿಡಿಯುವ ಒಂದು ಕೊಕ್ಕೆ ಇರುತ್ತದೆ, ಅದು ಒಂದು ಬಗೆಯ ಆಕಾರಕ್ಕಷ್ಟೇ ಸಿಕ್ಕಿಕೊಳ್ಳುತ್ತದೆ. ವಂಶವಾಹಿಯ ತುಣುಕುಗಳನ್ನು ಕಲಸಿ ಜೋಡಿಸಿ ನಮ್ಮ ಮೈ ಕೋಟಿಗಟ್ಟಲೆ ಬಗೆಯ ಕೊಕ್ಕೆಗಳನ್ನು ತಯಾರಿಸಿಟ್ಟಿರುತ್ತದೆ, ಮುಂದೆ ಯಾವ ವೈರಿ ಬರುತ್ತಾನೋ ಗೊತ್ತಿಲ್ಲವಲ್ಲ. ಎಲ್ಲದಕ್ಕೂ ತಯಾರಿ ಎಂದರೆ ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ ತಯಾರಿ. ಹೊಸದೊಂದು ಗುರುತನ್ನು ಕಂಡುಹಿಡಿಯಬಲ್ಲ ಕೋಶ ಲಕ್ಷಕ್ಕೆ ಒಂದೋ, ಹತ್ತು ಲಕ್ಷಕ್ಕೆ ಒಂದೋ. ಮೇಲಾಗಿ ಕ್ಯಾನ್ಸರ್ ಪರಕೀಯನಲ್ಲ. ನಮ್ಮದೇ ಕೋಶ, ನಮ್ಮದೇ ವೇಷ. ‘ನಮ್ಮವರನ್ನು ಮುಟ್ಟಬೇಡ’ ಎಂಬ ಪಾಠ ಕಲಿಯದ ಟಿ ಕೋಶಗಳನ್ನು ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಮೊದಲೇ ಕೊಂದುಹಾಕಿರುತ್ತದೆ. ಅಲ್ಲಿ ಹುಟ್ಟಿದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋಶಗಳು ಪರೀಕ್ಷೆಯಲ್ಲಿ ನಪಾಸಾಗಿ ಸಾಯುತ್ತವೆ. ನಮ್ಮ ಯಾವ ವಿಶ್ವವಿದ್ಯಾಲಯವೂ ಅಷ್ಟು ಕಠಿಣವಾಗಿಲ್ಲ.

ಈ ಲಾಟರಿಯನ್ನೇ ರದ್ದು ಮಾಡಿದರೆ? ಲಕ್ಷಕ್ಕೊಂದು ಕೋಶ ಗುರುತು ಹಿಡಿಯಲಿ ಎಂದು ಕಾಯುವ ಬದಲು, ಸಿಕ್ಕ ಟಿ ಕೋಶಗಳಿಗೆಲ್ಲ ಬೇಕಾದ ಕೊಕ್ಕೆಯನ್ನು ನಾವೇ ಕೂರಿಸಿದರೆ? ಕಾರ್-ಟಿ ಎಂಬ ಚಿಕಿತ್ಸೆ ಇಷ್ಟೇ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಯಂತ್ರದಲ್ಲಿ ಸೋಸಿ ತೆಗೆಯುತ್ತಾರೆ. ಹಲ್ಲು ಕಿತ್ತ ವೈರಸ್ಸೊಂದರ ಮೂಲಕ ಹೊಸ ಕೊಕ್ಕೆಯ ವಂಶವಾಹಿಯನ್ನು ಅವುಗಳೊಳಕ್ಕೆ ಸೇರಿಸುತ್ತಾರೆ. ಆ ವೈರಸ್ ಬಹುಮಟ್ಟಿಗೆ ಎಚ್‌ಐವಿಯಿಂದಲೇ ತಯಾರಾದದ್ದು. ಟಿ ಕೋಶದೊಳಕ್ಕೆ ನುಗ್ಗುವುದರಲ್ಲಿ ಅದನ್ನು ಮೀರಿಸಿದವರು ಯಾರಿದ್ದಾರೆ? ಸುಮಾರು ಹತ್ತು ದಿನ ಬೆಳೆಸಿ, ಪರೀಕ್ಷಿಸಿ, ಶೂನ್ಯಕ್ಕಿಂತ ನೂರೈವತ್ತು ಡಿಗ್ರಿಯಷ್ಟು ಕೆಳಗೆ ಹೆಪ್ಪುಗಟ್ಟಿಸಿ, ಮತ್ತೆ ಅದೇ ರೋಗಿಯ ರಕ್ತನಾಳಕ್ಕೆ ಬಿಡುತ್ತಾರೆ. ಕೊಕ್ಕೆ ಹುಡುಕುವುದು ಸಿಡಿ19 ಎಂಬ ಗುರುತನ್ನು. ಬಿ ಕೋಶಗಳೆಂಬ ಇನ್ನೊಂದು ಜಾತಿಯ ಬಿಳಿ ಕಣಗಳೆಲ್ಲ ಅದನ್ನು ಹೊತ್ತಿರುತ್ತವೆ, ಬಿ ಕೋಶದಿಂದ ಹುಟ್ಟಿದ ರಕ್ತ ಕ್ಯಾನ್ಸರುಗಳೂ ಹೊತ್ತಿರುತ್ತವೆ. ಕೆಟ್ಟದ್ದರ ಜೊತೆಗೆ ಒಳ್ಳೆಯ ಬಿ ಕೋಶಗಳೂ ಹೋಗುತ್ತವೆ. ಅವಿಲ್ಲದೆ ಬದುಕಬಹುದು, ಇದೊಂದು ಅದೃಷ್ಟ.

2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಜೂನ್ ಅವರ ತಂಡ ಈ ಚಿಕಿತ್ಸೆಯನ್ನು ಮೂವರು ಲ್ಯುಕೇಮಿಯಾ ರೋಗಿಗಳಿಗೆ ಕೊಟ್ಟಿತು. ಅವರಲ್ಲೊಬ್ಬರು ಡಗ್ ಓಲ್ಸನ್. ಹದಿನಾಲ್ಕು ವರ್ಷಗಳಿಂದ ರೋಗ ಅವರ ಮೈಯಲ್ಲಿತ್ತು. ಅವರಿಗೆ ಸಿಕ್ಕ ಕೊಕ್ಕೆ ಕೂತ ಕೋಶಗಳು 1.42 ಕೋಟಿ, ಅದನ್ನೂ ಮೂರು ದಿನಗಳಲ್ಲಿ ಮೂರು ಪಾಲು ಮಾಡಿ ಕೊಟ್ಟಿದ್ದರು. ಒಂದು ಟಿ ಕೋಶದ ಗಾತ್ರ ಗೊತ್ತಿರುವುದರಿಂದ 1.42 ಕೋಟಿ ಕೋಶಗಳ ತೂಕ ಹಾಕುವುದು ಕಷ್ಟವಲ್ಲ: ಹೆಚ್ಚೆಂದರೆ ಹತ್ತು-ಹನ್ನೆರಡು ಮಿಲಿಗ್ರಾಂ. ನಮ್ಮ ಕಡೆಯ ಬಿಳಿಜೋಳದ ಒಂದು ಕಾಳು ಮೂವತ್ತು ಮಿಲಿಗ್ರಾಮಿನ ಮೇಲೆ ತೂಗುತ್ತದೆ. ಅಂದರೆ ಅರ್ಧ ಜೋಳದ ಕಾಳೂ ಅಲ್ಲ. ಎದುರಿಗಿದ್ದದ್ದು ಲಕ್ಷ ಕೋಟಿಯ ಲೆಕ್ಕದ, ಕಿಲೋ ತೂಕದ ಕ್ಯಾನ್ಸರ್.

ಮೂರನೆಯ ವಾರದಲ್ಲಿ ಓಲ್ಸನ್ ಅವರ ಮೈ ಬಿಸಿಯಾಯಿತು, ಮೂತ್ರಪಿಂಡಗಳು ಏದುಸಿರು ಬಿಟ್ಟವು. ಸತ್ತ ಕ್ಯಾನ್ಸರ್ ಕೋಶಗಳ ಕಸ ಒಮ್ಮೆಲೇ ರಕ್ತಕ್ಕೆ ಬಿದ್ದಿತ್ತು, ಅಷ್ಟನ್ನು ಸೋಸಲು ಮೂತ್ರಪಿಂಡಕ್ಕೆ ಆಗಿರಲಿಲ್ಲ. ಆಮೇಲೆ ಹುಡುಕಿದರೆ ಕ್ಯಾನ್ಸರ್ ಇಲ್ಲ. 2011ರಲ್ಲಿ ತಂಡ ಪ್ರಕಟಿಸಿದ ಲೆಕ್ಕ ಹೀಗಿದೆ: ಒಳಗೆ ಹೋದ ಕೋಶಗಳು ಮೈಯಲ್ಲೇ ಸಾವಿರ ಪಟ್ಟಿಗೂ ಹೆಚ್ಚು ಬೆಳೆದವು, ಬಿಟ್ಟ ಒಂದೊಂದು ಕೋಶದ ಪಾಲಿಗೆ ಸರಾಸರಿ ಕಡಿಮೆಯೆಂದರೂ ಸಾವಿರ ಕ್ಯಾನ್ಸರ್ ಕೋಶಗಳು ಸತ್ತವು. ಸಾವಿರ ಪಟ್ಟು ಎಂದರೆ ಎಷ್ಟು ಸಲ ದುಪ್ಪಟ್ಟು? ಹತ್ತು. ಕ್ಯಾನ್ಸರ್ ನಲವತ್ತು ಸಲ ದುಪ್ಪಟ್ಟಾಗಿ ಕಟ್ಟಿದ್ದನ್ನು ಹತ್ತು ಸಲ ದುಪ್ಪಟ್ಟಾದದ್ದು ಕೆಡವಿತು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಮಾತ್ರೆ ನುಂಗಿದ ಗಳಿಗೆಯಿಂದ ಕರಗಿ ಕಡಿಮೆಯಾಗುತ್ತ ಹೋಗುತ್ತದೆ. ಕಿಮೊಥೆರಪಿ, ವಿಕಿರಣ ಎಲ್ಲವೂ ಕೊಟ್ಟಷ್ಟೇ, ಕೊಟ್ಟದ್ದಕ್ಕಿಂತ ಕಡಿಮೆ. ರೋಗವೊಂದೇ ಮೈಯೊಳಗೆ ಬೆಳೆಯುವ ಸ್ವತ್ತಾಗಿತ್ತು. ಇಲ್ಲಿ ಔಷಧಿಯೂ ರೋಗದ ಹಾಗೆ ದುಪ್ಪಟ್ಟಾಗುವುದನ್ನು ಕಲಿತಿದೆ, ಅದೂ ರೋಗ ಎದುರಿಗಿದ್ದಾಗ ಹೆಚ್ಚು, ತೀರಿದ ಮೇಲೆ ಕಡಿಮೆ. 2022ರಲ್ಲಿ, ಅಂದರೆ ಚಿಕಿತ್ಸೆಯಾಗಿ ಹತ್ತು ವರ್ಷ ದಾಟಿದ ಮೇಲೆ, ಓಲ್ಸನ್ ಮತ್ತು ಮೊದಲ ರೋಗಿ ವಿಲಿಯಂ ಲಡ್ವಿಗ್ ಇವರ ರಕ್ತದ ವಿವರ ‘ನೇಚರ್’ ಪತ್ರಿಕೆಯಲ್ಲಿ ಬಂತು. ಹತ್ತು ವರ್ಷದ ಹೊತ್ತಿಗೂ ಆ ಕೋಶಗಳ ವಂಶ ಅವರ ರಕ್ತದಲ್ಲಿತ್ತು. ಲಡ್ವಿಗ್ ಆ ವರದಿ ಬರುವ ಮೊದಲೇ, 2021ರಲ್ಲಿ, ತೀರಿಕೊಂಡರು, ಕ್ಯಾನ್ಸರಿನಿಂದಲ್ಲ, ಕೋವಿಡ್‌ನಿಂದ.

ದುಪ್ಪಟ್ಟಾಗುವ ಔಷಧಿಯನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಯೂ ಜೊತೆಗೇ ಬಂತು. 2012ರ ಏಪ್ರಿಲಿನಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್‌ಗೆ ಈ ಕೋಶಗಳನ್ನು ಕೊಟ್ಟಾಗ ಜ್ವರ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು, ಉಸಿರಾಟದ ಯಂತ್ರಕ್ಕೆ ಹಾಕಬೇಕಾಯಿತು. ರಕ್ತ ಪರೀಕ್ಷೆಯಲ್ಲಿ ಐಎಲ್-6 ಎಂಬ ರಾಸಾಯನಿಕ ವಿಪರೀತ ಏರಿತ್ತು. ಸಂಧಿವಾತಕ್ಕೆ ಕೊಡುವ ಟೋಸಿಲಿಝುಮಾಬ್ ಅದನ್ನು ತಡೆಯುತ್ತದೆಂದು ಹೊಳೆದು ಕೊಟ್ಟರು. ಮೇ 2ರಂದು, ತನ್ನ ಏಳನೆಯ ಹುಟ್ಟುಹಬ್ಬದ ದಿನ, ಅವಳಿಗೆ ಎಚ್ಚರವಾಯಿತು. ಸಂಧಿವಾತದ ಆ ಔಷಧಿ ಕೈಗೆ ಸಿಗದಿದ್ದರೆ ಇಡೀ ಚಿಕಿತ್ಸೆಯ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಈಗ ದುಡ್ಡಿನ ಮಾತು, ಕಬ್ಬಿನ ಲೆಕ್ಕದಲ್ಲಿ. 2017ರ ಆಗಸ್ಟಿನಲ್ಲಿ ಅಮೆರಿಕ ಮೊದಲ ಕಾರ್-ಟಿ ಚಿಕಿತ್ಸೆಗೆ ಅನುಮತಿ ಕೊಟ್ಟಾಗ ಒಬ್ಬ ರೋಗಿಗೆ ಬೆಲೆ 4,75,000 ಡಾಲರ್. ಇಂದಿನ ಲೆಕ್ಕಕ್ಕೆ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು. ಟನ್ ಕಬ್ಬಿಗೆ 3300 ರೂಪಾಯಿ ಹಿಡಿಯೋಣ. 2025ರ ನವೆಂಬರಿನಲ್ಲಿ ರೈತರು ಬೀದಿಗಿಳಿದ ಮೇಲೆ ಸರಕಾರ ಬಾಯಿಬಿಟ್ಟು ಹೇಳಿದ ದರ ಅದು. ನಾಲ್ಕು ಕೋಟಿಗೆ 12 ಸಾವಿರ ಟನ್ ಮೀರುತ್ತದೆ. ಎಕರೆಗೆ 40 ಟನ್ ಬಂದರೂ 300 ಎಕರೆಗಿಂತ ಹೆಚ್ಚು ಕಬ್ಬು ಕಡಿಯಬೇಕು, ಅದೂ ಬೀಜ, ಗೊಬ್ಬರ, ನೀರು ಯಾವುದರ ಖರ್ಚನ್ನೂ ಕಳೆಯದೆ. ಮುಧೋಳ-ಜಮಖಂಡಿಯ ಎಷ್ಟು ಮನೆಗಳಲ್ಲಿ 300 ಎಕರೆ ಇದೆ?

ಐಐಟಿ ಮುಂಬೈಯ ರಾಹುಲ್ ಪುರ್ವಾರ್ ಅವರ ಪ್ರಯೋಗಾಲಯ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರಾದ ಹಸ್ಮುಖ್ ಜೈನ್, ಗೌರವ್ ನರುಲಾ ಮುಂತಾದವರು ಇದನ್ನು ಇಲ್ಲೇ ತಯಾರಿಸಲು ಹೊರಟರು. 2021ರ ಜೂನ್‌ನಲ್ಲಿ ನವಿ ಮುಂಬೈಯ ಖಾರ್‌ಘರ್‌ನಲ್ಲಿ ಮೊದಲ ರೋಗಿಗೆ ಕೊಟ್ಟರು. ನೆಕ್ಸ್‌ಕಾರ್19 ಎಂಬ ಹೆಸರಿನಲ್ಲಿ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಲೋಕಾರ್ಪಣೆ ಮಾಡಿದರು. 64 ರೋಗಿಗಳ ಮೇಲೆ ನಡೆದ ಪ್ರಯೋಗದ ವಿವರ 2025ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು: ಫಲಿತಾಂಶ ಅಳೆಯಲು ಸಾಧ್ಯವಾದವರಲ್ಲಿ ನೂರಕ್ಕೆ 73 ಮಂದಿಗೆ ಗುಣ ಕಂಡಿತ್ತು. ಇವರೆಲ್ಲ ಬೇರೆ ಚಿಕಿತ್ಸೆಗಳನ್ನು ಮುಗಿಸಿ ಬಂದವರು ಎಂಬುದನ್ನು ಮರೆಯಬಾರದು. ನಮ್ಮ ರಾಜ್ಯದಲ್ಲಿ ಕಿರಣ್ ಮಜುಂದಾರ್ ಷಾ, ‘ಎಂಪರರ್ ಆಫ್ ಆಲ್ ಮ್ಯಾಲಡೀಸ್’ ಬರೆದ ವೈದ್ಯ ಸಿದ್ಧಾರ್ಥ ಮುಖರ್ಜಿ ಮುಂತಾದವರು ಕಟ್ಟಿದ ಇಮ್ಯುನೀಲ್ ಕಂಪನಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿ, ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲೇ, ಕೋಶಗಳನ್ನು ತಯಾರಿಸುತ್ತದೆ. ಮೂಲ ವಿದ್ಯೆ ಬಾರ್ಸಿಲೋನಾದ ಆಸ್ಪತ್ರೆಯೊಂದರದ್ದು. 2025ರ ಜನವರಿಯಲ್ಲಿ ಅವರ ಕಾರ್ಟೆಮಿ ಮಾರುಕಟ್ಟೆಗೆ ಬಂತು.

ಬೆಲೆ ಈಗ 30 ಲಕ್ಷದಿಂದ ಮೇಲಕ್ಕೆ. 30 ಲಕ್ಷವೆಂದೇ ಹಿಡಿದರೆ 909 ಟನ್, ಸುಮಾರು 23 ಎಕರೆ. ದೊಡ್ಡ ಹಿಡುವಳಿದಾರನಿಗೆ ಹೊಲ ಮಾರಿದರೆ ನಿಲುಕೀತು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೂಲಿಯ ಮೇಲೆ ನಡೆಯುವ ಮನೆಗೆ ಕನಸಿನಲ್ಲೂ ಇಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಸಿಗುವುದು ಐದು ಲಕ್ಷದವರೆಗೆ. ಜಮಖಂಡಿಯಿಂದ ಬೊಮ್ಮಸಂದ್ರಕ್ಕೆ 500 ಕಿಲೋಮೀಟರಿಗೂ ಹೆಚ್ಚು. ಖಾರ್‌ಘರ್ ಕೂಡ ಅದಕ್ಕಿಂತ ಬಹಳ ಹತ್ತಿರವೇನಲ್ಲ. ದೊಡ್ಡ ಬೇನೆ ಬಂದರೆ ಈ ಕಡೆಯವರು ಮೊದಲು ನೆನೆಯುವುದು ಮಿರಜನ್ನು. ಜಮಖಂಡಿಯ ಹಾಗೆ ಅದೂ ಪಟವರ್ಧನರ ಸಂಸ್ಥಾನವಾಗಿದ್ದ ಊರು, ನೂರು ವರ್ಷ ಮೀರಿದ ದವಾಖಾನೆಯ ನಂಟು.

ಇನ್ನೊಂದು ಮಿತಿಯನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ 14.1 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು. ಸ್ತನದ್ದು 1.92 ಲಕ್ಷ, ತುಟಿ-ಬಾಯಿಯದ್ದು 1.44 ಲಕ್ಷ, ಗರ್ಭಕೊರಳಿನದ್ದು 1.28 ಲಕ್ಷ. ಈ ಮೂರಕ್ಕೂ ಮಾರುಕಟ್ಟೆಯಲ್ಲಿರುವ ಕಾರ್-ಟಿ ಕೆಲಸಕ್ಕೆ ಬರುವುದಿಲ್ಲ. ರಕ್ತ ಕ್ಯಾನ್ಸರ್ ಕೋಶಗಳು ಬಯಲಲ್ಲಿ ಸಿಗುತ್ತವೆ. ಗಂಟು ಕಟ್ಟಿದ ಕ್ಯಾನ್ಸರ್ ಸುತ್ತ ಗೋಡೆ ಎಬ್ಬಿಸುತ್ತದೆ, ಒಳಗೆ ಹೊಕ್ಕ ಟಿ ಕೋಶವನ್ನು ಸುಸ್ತು ಮಾಡುತ್ತದೆ, ಸಿಡಿ19ರಂಥ ಸುಲಭದ ಗುರುತನ್ನೂ ಕೊಡುವುದಿಲ್ಲ. ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುವವನಿಗೆ ಈ ಲೇಖನದ ಬೆರಗಿನಿಂದ ಕಿಂಚಿತ್ತೂ ಲಾಭವಿಲ್ಲ.

ಮುಧೋಳದ ಹೆಸರೆತ್ತಿ ನಾಯಿಯನ್ನು ಬಿಟ್ಟರೆ ಆ ಊರಿನವರು ಮೆಚ್ಚಲಾರರು, ಗಂಟಿನ ವಿಷಯದಲ್ಲಂತೂ ನಾಯಿಗಳು ನಮಗಿಂತ ಮುಂದೆ. ಬೀದಿನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆಯುವ ಟಿವಿಟಿ ಎಂಬ ಗಡ್ಡೆಯನ್ನು ಪಶುವೈದ್ಯರು ನಿತ್ಯ ನೋಡುತ್ತಾರೆ. ಅದು ಒಂದು ನಾಯಿಯಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಹಬ್ಬುವುದು ವೈರಸ್ ಅಲ್ಲ, ಕ್ಯಾನ್ಸರ್ ಕೋಶವೇ. ಸಾವಿರಾರು ವರ್ಷಗಳ ಹಿಂದೆ ಏಷ್ಯಾದ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಕೋಶದ ಸಂತತಿ ಇಂದು ಲೋಕದ ಎಲ್ಲ ಖಂಡಗಳ ನಾಯಿಗಳಲ್ಲಿದೆ. ಎಷ್ಟು ಹಳೆಯದು? 2019ರ ವಂಶವಾಹಿ ಅಧ್ಯಯನದ ಅಂದಾಜು 4,000ದಿಂದ 8,500 ವರ್ಷ. ಮುಧೋಳ ಸೀಮೆಯಲ್ಲಿ ರನ್ನ ಹುಟ್ಟಿ ಸಾವಿರ ವರ್ಷ ಚಿಲ್ಲರೆ ಆಯಿತು. ಆ ನಾಯಿ ಸತ್ತಿತು, ಅದರ ಕೋಶ ದುಪ್ಪಟ್ಟಾಗುವುದನ್ನು ಇನ್ನೂ ನಿಲ್ಲಿಸಿಲ್ಲ. ನಲವತ್ತು ಸಲದ ಮಿತಿಯನ್ನು ಅದು ಮೈಯಿಂದ ಮೈಗೆ ಹಾರಿ ದಾಟಿದೆ. ಮಜವೆಂದರೆ, ತಿಂಗಳುಗಳು ಕಳೆದ ಮೇಲೆ ಕೆಲವು ನಾಯಿಗಳ ಮೈ ಅದನ್ನು ಕೊನೆಗೂ ಗುರುತಿಸುತ್ತದೆ, ಗಡ್ಡೆ ತಾನಾಗಿ ಕರಗುತ್ತದೆ. ಗಟ್ಟಿ ಗಡ್ಡೆಯನ್ನೂ ಟಿ ಕೋಶಗಳು ಸೋಲಿಸಬಲ್ಲವು ಎಂಬುದಕ್ಕೆ ಮನುಷ್ಯನ ಪ್ರಯೋಗಾಲಯ ಬೇಕಿಲ್ಲ.

ಮನುಷ್ಯರ ಗಟ್ಟಿ ಗಡ್ಡೆಗೂ ಅಂಥದ್ದೊಂದು ಹಳೆಯ ಉಪಾಯ ನಮ್ಮೆಲ್ಲರ ತೋಳಿನ ಮೇಲೆ ಕಲೆಯಾಗಿ ಕೂತಿದೆ. ಕ್ಷಯದ ಲಸಿಕೆ ಬಿಸಿಜಿ. ಹುಟ್ಟಿದ ಮಗುವಿಗೆ ಕೊಡುವ 0.05 ಮಿಲಿಲೀಟರಿನಲ್ಲಿ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ ಲಕ್ಷಗಳ ಲೆಕ್ಕದಲ್ಲಿರುತ್ತವೆ. ಅದನ್ನೇ ಸುಮಾರು ಸಾವಿರ ಪಟ್ಟು, ಹತ್ತು ಕೋಟಿಗೆ ಕಡಿಮೆಯಿಲ್ಲದಷ್ಟು, ನಳಿಕೆಯ ಮೂಲಕ ಮೂತ್ರಕೋಶಕ್ಕೆ ಬಿಟ್ಟರೆ ಅಲ್ಲಿನ ಒಳಪದರದ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗುತ್ತದೆ. ಕೆನಡಾದ ಆಲ್ವಾರೋ ಮೊರಾಲೆಸ್ ಇದನ್ನು ಪ್ರಕಟಿಸಿದ್ದು 1976ರಲ್ಲಿ. ಇಂದಿಗೂ ಮೂತ್ರರೋಗ ತಜ್ಞರು ಬಳಸುತ್ತಾರೆ. ಬ್ಯಾಕ್ಟೀರಿಯಾದ ಮೇಲೆ ಎದ್ದ ಮೈ ಪಕ್ಕದಲ್ಲಿದ್ದ ಕ್ಯಾನ್ಸರಿಗೂ ಬಾರಿಸುತ್ತದೆ. ಕಾರ್-ಟಿಯ ಮುಂದೆ ಇದರ ಖರ್ಚು ಏನೇನೂ ಅಲ್ಲ.

ಹೊಸ ಲಸಿಕೆಗಳು ಇನ್ನೂ ಹುಷಾರು. ರೋಗಿಯ ಗಡ್ಡೆಯ ವಂಶವಾಹಿಯನ್ನು ಓದಿ, ಅದರಲ್ಲಿ ಮಾತ್ರ ಇರುವ ತಪ್ಪುಗಳನ್ನು ಹೆಕ್ಕಿ, ಅವನ್ನು ಎಂಆರ್‌ಎನ್‌ಎಯಲ್ಲಿ ಬರೆದು ಚುಚ್ಚುತ್ತಾರೆ. ಒಬ್ಬರಿಗೆ ತಯಾರಾದದ್ದು ಇನ್ನೊಬ್ಬರಿಗೆ ಆಗದು. ಮೊಡರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆಯಲ್ಲಿ ಅಂಥ 34 ಗುರುತುಗಳವರೆಗೆ ಹಿಡಿಸುತ್ತವೆ. 157 ಮಂದಿ ಚರ್ಮ ಕ್ಯಾನ್ಸರ್ ರೋಗಿಗಳ ಪ್ರಯೋಗದಲ್ಲಿ, ಬರೀ ಔಷಧಿ ಪಡೆದವರಿಗಿಂತ ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾವಿನ ಅಪಾಯ ನೂರಕ್ಕೆ 44ರಷ್ಟು ಕಡಿಮೆ ಕಂಡಿತು. ನ್ಯೂಯಾರ್ಕಿನಲ್ಲಿ ವಿನೋದ್ ಬಾಲಚಂದ್ರನ್ ಅವರ ತಂಡ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಇಂಥದ್ದನ್ನು 16 ಮಂದಿಗೆ ಕೊಟ್ಟಿತು. ಎಂಟು ಜನರ ಮೈ ಓಗೊಟ್ಟಿತು. ಅವರಲ್ಲಿ ಲಸಿಕೆಗೆ ಮೊದಲು ಹುಡುಕಿದರೂ ಸಿಗದಿದ್ದ ಟಿ ಕೋಶಗಳು ಬೆಳೆದು, ಕೆಲವರಲ್ಲಿ ರಕ್ತದ ಒಟ್ಟು ಟಿ ಕೋಶಗಳ ಹತ್ತರಲ್ಲೊಂದು ಪಾಲಾದವು. ಇವುಗಳ ಸರಾಸರಿ ಆಯುಸ್ಸು 7.7 ವರ್ಷ ಇರಬಹುದೆಂದು 2025ರಲ್ಲಿ ಅಂದಾಜಿಸಿದ್ದಾರೆ. ಆ ರೋಗದಲ್ಲಿ ರೋಗಿಗಳೇ ಅಷ್ಟು ವರ್ಷ ಬದುಕುವುದು ಅಪರೂಪ.

ಕೊನೆಗೆ ಮತ್ತೆ ಬೆಲೆಗೆ ಬರಬೇಕು. ಕಾರ್-ಟಿ ದುಬಾರಿಯಾಗಿರುವುದು ಪ್ರತಿ ರೋಗಿಗೂ ಒಂದು ಪ್ರತ್ಯೇಕ ಕಾರ್ಖಾನೆ ನಡೆಸಿದಂತೆ ಆಗುವುದರಿಂದ. ಕೋಶಗಳನ್ನು ಹೊರಗೆ ತೆಗೆಯದೆ, ಕೊಕ್ಕೆಯ ವಂಶವಾಹಿ ಹೊತ್ತ ವೈರಸ್ಸನ್ನೇ ನೇರ ರಕ್ತನಾಳಕ್ಕೆ ಕೊಟ್ಟು, ಮೈಯೊಳಗೇ ಕಾರ್-ಟಿ ತಯಾರಾಗುವಂತೆ ಮಾಡುವ ಪ್ರಯತ್ನಗಳು ಶುರುವಾಗಿವೆ. 2025ರಲ್ಲಿ ಚೀನಾದ ವೈದ್ಯರು ಮೈಲೋಮಾ ಎಂಬ ರಕ್ತ ಕ್ಯಾನ್ಸರಿನ ನಾಲ್ವರು ರೋಗಿಗಳ ವರದಿ ಪ್ರಕಟಿಸಿದರು. ನಾಲ್ವರು ಎಂದರೆ ಬರೀ ನಾಂದಿ. ಆದರೂ ಏಳೆಂಟು ವರ್ಷಗಳಲ್ಲಿ 303 ಎಕರೆ ಕಬ್ಬಿನ ಬೆಲೆ 23 ಎಕರೆಗೆ ಇಳಿದದ್ದು ನಮ್ಮ ಕಣ್ಣೆದುರೇ ನಡೆದಿದೆ, ಹದಿಮೂರು ಪಟ್ಟು ಇಳಿಕೆ. ಇನ್ನೊಮ್ಮೆ ಅಷ್ಟೇ ಪಟ್ಟು ಇಳಿದರೆ ಒಂದೂಮುಕ್ಕಾಲು ಎಕರೆ, ಎಪ್ಪತ್ತು ಟನ್ ಕಬ್ಬು, ಎರಡೂಕಾಲು ಲಕ್ಷ ರೂಪಾಯಿ. ಆರೋಗ್ಯ ಕರ್ನಾಟಕದ ಐದು ಲಕ್ಷದೊಳಗೆ ಅದು ಕೂರುತ್ತದೆ, ಮಿರಜಿಗೆ ಹೋಗಿಬರುವ ಖರ್ಚೂ ಉಳಿಯುತ್ತದೆ.